ಮೇಡಂ ಪದದ ಮೂರನೇ ಅರ್ಥ

ನೀರು ಸರಬರಾಜು ಕಚೇರಿಯ 'ವಿಚಾರಣೆ' ಹಲಗೆಯ ಕೆಳಗೆ ಇಪ್ಪತ್ತಮೂರು ವರ್ಷದಿಂದ ಕೂತಿದ್ದ ಗುಮಾಸ್ತರಿಗೆ ನಿಘಂಟು ಎಂದು ಹೆಸರು. ಎದುರಿಗೆ ಕರೆಯುವಾಗ ಗೌರವಕ್ಕೆ ನಿಘಂಟುಗಳು, ಬೆನ್ನ ಹಿಂದೆ ಬರೀ ನಿಘಂಟು. ಅದಕ್ಕೆ ಕಾರಣ ಅವರ ಮೇಜಿನ ಬಲಮೂಲೆಯಲ್ಲಿ ಸದಾ ವಿರಾಜಮಾನವಾಗಿರುತ್ತಿದ್ದ ಇಂಗ್ಲಿಷ್ ಡಿಕ್ಷನರಿ. ಹಳೇ ಪುಸ್ತಕದಂಗಡಿಯವನು ಅವರಿಗೆ ಅದನ್ನು ಮಾರುವವರೆಗೆ ರದ್ದಿ ತೂಗುವ ಕಲ್ಲಿನ ಬದಲು ಬಳಸುತ್ತಿದ್ದನಂತೆ. ನಿಘಂಟು ಅದನ್ನು ಎರಡು ಕೈಯಲ್ಲಿ ಎತ್ತಿ, ಉಸಿರು ಬಿಗಿಹಿಡಿದು ಮೇಜಿನ ಮೇಲೆ ಮಲಗಿಸಿ, ಬೆರಳಿಗೆ ಎಂಜಲು ಹಚ್ಚಿ ಪುಟ ತಿರುವತೊಡಗಿದರೆ ಎದುರಿಗೆ ನಿಂತವರು ತಾವು ಬಂದದ್ದು ನಲ್ಲಿಯಲ್ಲಿ ನೀರಿಲ್ಲ ಎಂದು ಹೇಳಲಿಕ್ಕೆ ಎನ್ನುವುದನ್ನೇ ಮರೆತು ಗೌರವದಿಂದ ಸುಮ್ಮನಾಗುತ್ತಿದ್ದರು. ಒಮ್ಮೆ ಮೇಲಿನ ಕಚೇರಿಯಿಂದ ಬಂದ ಪತ್ರದಲ್ಲಿ ಅವರು ಏಳು ತಪ್ಪು ತಿದ್ದಿ ವಾಪಸ್ ಕಳಿಸಿದ್ದುಂಟು. ಅದಕ್ಕೆ ಉತ್ತರವಾಗಿ ಮೇಲಿನ ಕಚೇರಿ ಕಳಿಸಿದ ನೋಟಿಸಿನಲ್ಲಿ ಎರಡೇ ತಪ್ಪಿದ್ದವು. 'ಪರವಾಗಿಲ್ಲ, ಸುಧಾರಿಸ್ತಿದಾರೆ' ಎಂದು ನಿಘಂಟು ನೋಟಿಸನ್ನು ಮಡಿಚಿ ಜೇಬಿಗಿಟ್ಟುಕೊಂಡರು.

ಇಷ್ಟೆಲ್ಲ ಇಂಗ್ಲಿಷ್ ಇದ್ದರೂ ಹೆಂಗಸರನ್ನು ಮಾತಾಡಿಸಲು ಅವರ ಬಳಿ ಇದ್ದದ್ದು ಒಂದೇ ಮಾತು: ಅಮ್ಮಾ. ಎಪ್ಪತ್ತರ ಮುದುಕಿಗೂ ಅಮ್ಮ, ಅವಳ ಕೈ ಹಿಡಿದು ಬಂದ ಏಳರ ಮೊಮ್ಮಗಳಿಗೂ ಅಮ್ಮ. ಇದರಲ್ಲಿ ಯಾರಿಗೂ ಏನೂ ತಪ್ಪು ಕಂಡಿರಲಿಲ್ಲ, ಆ ಸೋಮವಾರ ಹೆಣ್ಣುಮಕ್ಕಳ ಶಾಲೆಯ ಮುಖ್ಯೋಪಾಧ್ಯಾಯಿನಿ ಕಿಟಕಿಯ ಮುಂದೆ ಬಂದು ನಿಲ್ಲುವವರೆಗೆ. ಅವರು ಗಣಿತದವರು. ಕೈಯಲ್ಲಿ ಕೆಂಪು ಪೆನ್ನು, ಮುಖದಲ್ಲಿ ಯಾರ ಉತ್ತರವೂ ಸರಿ ಇರಲಾರದು ಎಂಬ ಭಾವ.

'ಏನಮ್ಮಾ?' ಎಂದರು ನಿಘಂಟು, ತಲೆಯೆತ್ತದೆ.

'ನಾಲ್ಕು ದಿನದಿಂದ ಶಾಲೆಗೆ ನೀರಿಲ್ಲ.'

'ಆಗ್ಲಮ್ಮ, ಬರ್ಕೊಡಮ್ಮ.'

'ಒಂದ್ನಿಮಿಷ. ನಿಮ್ಮ ವಯಸ್ಸೆಷ್ಟು?'

'ನಲವತ್ತೊಂಬತ್ತಮ್ಮ.'

'ನನಗೆ ಮೂವತ್ತೆಂಟು. ಮೂವತ್ತೆಂಟರಲ್ಲಿ ನಲವತ್ತೊಂಬತ್ತು ಕಳೆದ್ರೆ ಎಷ್ಟು?'

ನಿಘಂಟು ಭಾಷೆಯಲ್ಲಿ ಎಷ್ಟು ಗಟ್ಟಿಯೋ ಲೆಕ್ಕದಲ್ಲಿ ಅಷ್ಟೇ ತೆಳು. ಬೆರಳು ಮಡಿಚಿ ನೋಡಿ, 'ಕಳೆಯೋಕಾಗಲ್ಲಮ್ಮ' ಎಂದರು.

'ಆಗಲ್ಲ ಅಲ್ವಾ? ಮೈನಸ್ ಹನ್ನೊಂದು ವರ್ಷಕ್ಕೆ ನಾನು ನಿಮಗೆ ಅಮ್ಮ ಹೇಗಾದೆ? ಆರುನೂರು ಮಕ್ಕಳು ನನ್ನನ್ನ ಮೇಡಂ ಅಂತಾರೆ. ಕಸ ಹೊಡೆಯೋಳು ಮೇಡಂ ಅಂತಾಳೆ. ಗಂಟೆ ಹೊಡೆಯೋನು ಮೇಡಂ ಅಂತಾನೆ. ಇಲ್ಲಿ ಬಂದ್ರೆ ನೀವು ಅಮ್ಮ ಅಂತೀರಿ. ದೂರು ಪುಸ್ತಕ ಕೊಡಿ.'

ಅವರು ನಿಂತಲ್ಲೇ ಎರಡು ಪುಟ ಬರೆದರು. ಅದರಲ್ಲಿ ನೀರಿನ ವಿಷಯ ಕೊನೆಯ ಒಂದು ಸಾಲು. ಮಿಕ್ಕದ್ದೆಲ್ಲ ಅಮ್ಮನ ವಿಷಯ. ಕಚೇರಿ ಆ ಒಂದು ಸಾಲನ್ನು ಪರಿಶೀಲನೆಗೆ ಇಟ್ಟು ಉಳಿದ ಎರಡು ಪುಟದ ಮೇಲೆ ತಕ್ಷಣ ಕ್ರಮ ಕೈಗೊಂಡಿತು.

ಕಚೇರಿಯ ಮುಖ್ಯಸ್ಥರಾದ ಸಾಹೇಬರು ನಿಘಂಟುವನ್ನು ಒಳಗೆ ಕರೆಸಿ, ಕುರ್ಚಿ ತೋರಿಸದೆ ಹೇಳಿದರು: 'ನಾಳೆಯಿಂದ ಎಲ್ಲರನ್ನೂ ಮೇಡಂ ಅನ್ಬೇಕು. ಇನ್ನೊಂದು ದೂರು ಬಂತೋ, ಗುಡ್ಡದ ಮೇಲಿನ ಪಂಪ್‌ಹೌಸಿಗೆ ಹಾಕ್ತೀನಿ. ಅಲ್ಲಿ ಕಪ್ಪೆಗಳಿವೆ. ಅವನ್ನ ಏನು ಬೇಕಾದ್ರೂ ಕರೀರಿ.'

ಇಪ್ಪತ್ತಮೂರು ವರ್ಷ ಒಂದೇ ದಾರಿಯಲ್ಲಿ ಹರಿದ ನಾಲಗೆಯನ್ನು ಒಂದು ರಾತ್ರಿಯಲ್ಲಿ ತಿರುಗಿಸುವುದು ಹುಡುಗಾಟವಲ್ಲ. ಅದಕ್ಕೆ ಅಭ್ಯಾಸ ಬೇಕು. ಅಭ್ಯಾಸಕ್ಕೆ ಒಬ್ಬ ಹೆಂಗಸು ಬೇಕು. ಮನೆಯಲ್ಲಿ ಇಬ್ಬರಿದ್ದರು. ಒಬ್ಬರು ಅತ್ತೆ. ಆದ್ದರಿಂದ ನಿಘಂಟು ಹೆಂಡತಿಯನ್ನು ಆರಿಸಿಕೊಂಡರು.

ಹೆಂಡತಿ ಮನೆಯ ಮುಂದಿನ ಕೋಣೆಯಲ್ಲಿ ಹೊಲಿಗೆ ಯಂತ್ರ ಇಟ್ಟುಕೊಂಡು ಶಾಲೆಯ ಸಮವಸ್ತ್ರ, ಪರದೆ, ದಿಂಬಿನ ಚೀಲ ಹೊಲಿಯುತ್ತಿದ್ದರು. ಗಿರಾಕಿಗಳಿಗೆ ಅವರು ಟೈಲರಮ್ಮ. ಗಂಡನಿಗೆ 'ಏ', 'ಇಲ್ನೋಡು', 'ಎಲ್ಲಿಟ್ಟೆ?' ಈ ಮೂರರಲ್ಲಿ ಒಂದು. ಆ ಸಂಜೆ ನಿಘಂಟು ಚಪ್ಪಲಿ ಬಿಟ್ಟು ಒಳಗೆ ಬಂದು, ಗಂಟಲು ಸರಿಮಾಡಿಕೊಂಡು, 'ಮೇಡಂ, ಒಂದು ಲೋಟ ಟೀ ಸಿಗುತ್ತಾ?' ಎಂದರು.

ಯಂತ್ರ ನಿಂತಿತು. ಹೆಂಡತಿ ಬಾಗಿಲ ಕಡೆ ನೋಡಿದರು. ಗಿರಾಕಿ ಯಾರೂ ಇರಲಿಲ್ಲ.

'ಯಾರ್ನ ಕರೆದ್ರಿ?'

'ತಮ್ಮನ್ನೇ ಮೇಡಂ.'

ಟೀ ಬಂತು. ಕೇಳದೆಯೇ ಇನ್ನೊಂದು ಲೋಟವೂ ಬಂತು. ಲೋಟಗಳ ಕೆಳಗೆ, ಅತಿಥಿಗಳಿಗೆಂದು ಮಡಿಚಿಟ್ಟಿದ್ದ, ತಟ್ಟೆಗೆ ಹಾಸುವ ಬಟ್ಟೆ ಬಂತು. ಒಳಗಿನಿಂದ ಅತ್ತೆ ಕೂಗಿದರು: 'ಅಳಿಯಂದಿರಿಗೆ ಜ್ವರ ಇದ್ಯಾ ನೋಡೇ. ಹಣೆ ಮುಟ್ಟಿ ನೋಡು.'

'ಸುಮ್ನಿರಮ್ಮಾ' ಎಂದರು ಹೆಂಡತಿ. ಅವರ ಮುಖ ಕೆಂಪಾಗಿತ್ತು.

ಯಾಕೆ ಹಾಗೆ ಕರೆದದ್ದು ಎಂದು ಅವರು ಕೇಳಲಿಲ್ಲ, ಇವರು ಹೇಳಲಿಲ್ಲ. ಮೇಡಂ ಸೋಪು ಎಲ್ಲಿದೆ, ಮೇಡಂ ಬಾಗಿಲು ಹಾಕ್ಲಾ, ಮೇಡಂ ಪಕ್ಕಕ್ಕೆ ಸರೀತೀರಾ ಎಂದು ನಿಘಂಟು ಮೂವತ್ತೆಂಟು ಸಲ ಅಭ್ಯಾಸ ಮಾಡಿದರು. ಬೆಳಗಾಗುವುದರೊಳಗೆ ನಾಲಗೆ ಪಳಗಿತು. ಬೆಳಗಾದ ಮೇಲೆ ಹೆಂಡತಿ ಗೋಡೆಯಾಚೆಯ ಕ್ಷೌರದಂಗಡಿಯವನ ಹೆಂಡತಿಗೆ, 'ನಮ್ಮನೆಯವರು ಈಗ ನನ್ನನ್ನ ಮೇಡಂ ಅಂತಾನೇ ಕರೆಯೋದು' ಎಂದು, ಅದೇನು ದೊಡ್ಡ ವಿಷಯವಲ್ಲ ಎನ್ನುವ ಹಾಗೆ, ಮೂರು ಸಲ ಹೇಳಿದರು. ಮಧ್ಯಾಹ್ನ ಊಟಕ್ಕೆ ಬಂದ ಕ್ಷೌರದಂಗಡಿಯವನಿಗೆ, 'ನೀವೂ ಒಬ್ಬರು ಗಂಡಸು' ಎಂಬ ಮಾತು ಬಡಿಸುವ ಮೊದಲೇ ಸಿಕ್ಕಿತು.

ಕಚೇರಿಯಲ್ಲಿ ಮಂಗಳವಾರ, ಬುಧವಾರ ಮೇಡಮಿನ ಮಳೆ ಸುರಿಯಿತು. ನೀರಿಗಾಗಿ ಬಂದ ಹೆಂಗಸರು ನೀರಿಲ್ಲದೆ, ಆದರೆ ನಗುನಗುತ್ತಾ, ವಾಪಸಾದರು. ಭುಜದವರೆಗೆ ಕೂದಲು ಬಿಟ್ಟಿದ್ದ ಪಿಟೀಲು ಮೇಷ್ಟರೊಬ್ಬರಿಗೂ ಹಿಂದಿನಿಂದ ಒಂದು ಮೇಡಂ ಸಂದಾಯವಾಯಿತು. ಅವರು ತಿರುಗಿ ಮೀಸೆ ತೋರಿಸಿದ ಮೇಲೆ ನಿಘಂಟು ಕ್ಷಮೆ ಕೇಳಿದರು. ಸಾಹೇಬರಿಗೆ ಎಷ್ಟು ಖುಷಿಯಾಯಿತೆಂದರೆ ಇದನ್ನು ಬಾಯಿಮಾತಿನಲ್ಲಿ ಬಿಡಬಾರದು, ಸುತ್ತೋಲೆಯಾಗಿಯೇ ಹೊರಡಿಸಬೇಕು ಅನ್ನಿಸಿತು. 'ಪದದ ಅರ್ಥ, ಬಳಕೆ, ಎಲ್ಲಾ ಹಾಕಿ ಬರ್ಕೊಂಡು ಬನ್ನಿ' ಎಂದು ನಿಘಂಟುವಿಗೆ ಅಪ್ಪಣೆಯಾಯಿತು.

ಗುರುವಾರ ಹನ್ನೊಂದು ಗಂಟೆಗೆ ನಿಘಂಟು ಡಿಕ್ಷನರಿ ಮಲಗಿಸಿದರು. ಪುಟ ತಿರುವಿದರು. ಮೊದಲನೇ ಅರ್ಥ ಓದಿ ತಲೆದೂಗಿದರು. ಎರಡನೇ ಅರ್ಥ ಓದಿ ಸಣ್ಣಗೆ ನಕ್ಕರು. ಮೂರನೇ ಅರ್ಥ ಓದಿ ಪುಸ್ತಕವನ್ನು ಎಷ್ಟು ಜೋರಾಗಿ ಮುಚ್ಚಿದರೆಂದರೆ, ಎದುರಿನ ಮೇಜಿನ ಟೈಪಿಸ್ಟಮ್ಮ ಒಂದೇ ಅಕ್ಷರವನ್ನು ಹದಿನಾಲ್ಕು ಸಲ ಹೊಡೆದುಬಿಟ್ಟರು.

ಟೈಪಿಸ್ಟಮ್ಮ ಎಂದರೆ ಕಚೇರಿಯ ಹಿರಿಯ ನೌಕರರು. ಮೂವರು ಸಾಹೇಬರನ್ನು ನಿವೃತ್ತಿಗೊಳಿಸಿದವರು. 'ಏನಾಯ್ತು?' ಎಂದರು.

'ಮೂರನೇ ಅರ್ಥ ಇದೆ' ಎಂದರು ನಿಘಂಟು. ಕಿವಿಯ ತುದಿಯವರೆಗೆ ಕೆಂಪಾಗಿದ್ದರು.

'ಯಾವುದಕ್ಕೆ?'

'ಮೇಡಂ ಅನ್ನೋದಕ್ಕೆ.'

'ಏನದು?'

'ಹೇಳೋಕಾಗಲ್ಲ. ಹೆಂಗಸರ ಮುಂದೆ ಹೇಳೋದಲ್ಲ. ಗಂಡಸರ ಮುಂದೆ ಕೂಡ ಬಾಗಿಲು ಹಾಕ್ಕೊಂಡು ಹೇಳ್ಬೇಕು.'

ಅವರು ಡಿಕ್ಷನರಿಯನ್ನು ಟವೆಲಿನಲ್ಲಿ ಸುತ್ತಿ ಕಾಲಿನ ಬುಡದಲ್ಲಿಟ್ಟು ಸಾಹೇಬರ ಕೋಣೆಗೆ ನಡೆದರು. ಏನೋ ಸಹಿ ಬೇಕೆಂಬ ನೆಪ ಹಿಡಿದು ಟೈಪಿಸ್ಟಮ್ಮ ಹಿಂದೆಯೇ ಹೋದರು.

'ಸರ್, ಆ ಪದ ಬೇಡ. ಅದಕ್ಕೆ ಮೂರನೇ ಅರ್ಥ ಇದೆ.'

ಸಾಹೇಬರ ಇಂಗ್ಲಿಷ್ ಅವರ ಸಹಿಯಲ್ಲಿ ಆರಂಭವಾಗಿ ಅಲ್ಲಿಯೇ ಮುಗಿಯುತ್ತಿತ್ತು. ಆದರೆ ಈ ಗುಟ್ಟು ಕೈಕೆಳಗಿನವರಿಗೆ ತಿಳಿಯಬಾರದು ಎಂದು ಅವರು ಹನ್ನೆರಡು ವರ್ಷದಿಂದ ಜೋಪಾನ ಮಾಡಿಕೊಂಡು ಬಂದಿದ್ದರು.

'ಮೂರನೇದು...' ಎಂದು ಸಾಹೇಬರು ಸೂರು ನೋಡಿದರು. 'ಓಹೋ, ಅದಾ? ಗೊತ್ತು, ಗೊತ್ತು. ಕಾಲೇಜಲ್ಲಿ ಬಂದಿತ್ತು. ಛೆ ಛೆ! ನನಗೆ ಹೊಳೀಲೇ ಇಲ್ಲ ನೋಡಿ. ತುಂಬಾ ಸೀರಿಯಸ್ಸು.'

'ಏನು ಸರ್ ಅದು?' ಎಂದರು ಟೈಪಿಸ್ಟಮ್ಮ.

'ನೀವು ಟೈಪ್ ಮಾಡ್ಕೊಳ್ಳಿ' ಎಂದರು ಸಾಹೇಬರು.

ಒಂದು ಗಂಟೆಯೊಳಗೆ ಸೂಚನಾ ಫಲಕದ ಮೇಲೆ ಸುತ್ತೋಲೆ ಬಂತು: 'ಮೇಡಂ ಎಂಬ ಪದಕ್ಕೆ ಮೂರನೇ ಅರ್ಥವೊಂದು ಇರುವುದು ಕಚೇರಿಯ ಗಮನಕ್ಕೆ ಬಂದಿರುವುದರಿಂದ, ಮುಂದಿನ ಆದೇಶದವರೆಗೆ ಯಾವ ಮಹಿಳೆಯನ್ನೂ ಆ ಪದದಿಂದ ಕರೆಯತಕ್ಕದ್ದಲ್ಲ. ಅಮ್ಮ ಎಂಬ ಪದದ ಮೇಲಿನ ನಿರ್ಬಂಧವೂ ಮುಂದುವರಿಯುವುದು.' ಏನಂತ ಕರೆಯತಕ್ಕದ್ದು ಎಂಬ ವಿಷಯದಲ್ಲಿ ಸುತ್ತೋಲೆ ಮೌನವಾಗಿತ್ತು.

ಊರು ಮೌನವಾಗಿರಲಿಲ್ಲ. ಹೇಳಬಾರದ ಅರ್ಥವೊಂದು ಇದೆ ಎಂದು ಸರ್ಕಾರವೇ ಗೋಡೆಗೆ ಅಂಟಿಸಿದ ಮೇಲೆ, ಅದನ್ನು ಊಹಿಸುವ ಕೆಲಸ ಸಾರ್ವಜನಿಕರದ್ದೇ ಅಲ್ಲವೆ? ಟೈಪಿಸ್ಟಮ್ಮನ ಪ್ರಕಾರ ಪದದ ಆರಂಭದಲ್ಲೇ 'ಮ್ಯಾಡ್' ಇರುವುದರಿಂದ ಅದು ತಲೆ ಕೆಟ್ಟ ಅಮ್ಮನೇ ಸರಿ. ಮೀಟರ್ ಓದುವವನು, ಅಲ್ಲ, ಅದು 'ಮೇಡ್', ಪಾತ್ರೆ ತೊಳೆಯುವವಳು ಎಂದು ಮನೆಮನೆಗೆ ಹೇಳಿಕೊಂಡು ಬಂದ. ಗಡಿಯಾರ ರಿಪೇರಿಯವರ ಮನೆಯಲ್ಲಿ ಅದು ಮೂರು ಗಂಡಂದಿರನ್ನು ಬಿಟ್ಟವಳು ಎಂದಾಯಿತು. ಅಲ್ಲಿಂದ ಮುಂದಿನ ಬೀದಿಗೆ ಹೋಗುವಷ್ಟರಲ್ಲಿ ಗಂಡಂದಿರು ಐವರಾಗಿ, ಅವಳು ಅವರನ್ನು ಬಿಟ್ಟಿರಲಿಲ್ಲ, ಬಾವಿಗೆ ತಳ್ಳಿದ್ದಳು.

ಕಚೇರಿಯಲ್ಲಿ ಹೆಂಗಸರನ್ನು ಕರೆಯುವುದೇ ಒಂದು ಸಾಹಸವಾಯಿತು. ನಿಘಂಟು ಮೊದಲು ಕೆಮ್ಮಿ ನೋಡಿದರು. ಸರದಿಯಲ್ಲಿ ನಿಂತವರು ಎರಡು ಹೆಜ್ಜೆ ಹಿಂದೆ ಸರಿದು ಮೂಗಿಗೆ ಬಟ್ಟೆ ಹಿಡಿದರು. ಆಮೇಲೆ ಗಾಜಿನ ಮೇಲೆ ಪೆನ್ನಿನಿಂದ ಕುಟ್ಟಿದರು. 'ಏನ್ರೀ ಅದು, ಕೋಳಿ ಕರೀತಿದೀರಾ?' ಎಂದರು ಒಬ್ಬರು. ಸಾಹೇಬರು ಟೈಪಿಸ್ಟಮ್ಮನನ್ನು ಕರೆಯಲು ಮೇಜಿನ ಗಂಟೆಯನ್ನು ಎರಡು ಸಲ ಬಾರಿಸುವ ಕ್ರಮ ತಂದರು. 'ಏನು, ಸೈಕಲ್ ಬಂತಾ? ದಾರಿ ಬಿಡ್ಬೇಕಾ?' ಎಂದು ಟೈಪಿಸ್ಟಮ್ಮ ಕೂತಲ್ಲಿಂದ ಏಳದೆ ಕೇಳಿದರು.

ಇದೆಲ್ಲ ಹೊರಗಿನ ಕಷ್ಟ. ನಿಘಂಟು ಗುರುವಾರ ಸಂಜೆ ಟವೆಲಿನಲ್ಲಿ ಸುತ್ತಿದ ಡಿಕ್ಷನರಿಯನ್ನು ಮನೆಗೆ ತಂದು, ಕತ್ತರಿಸದ ಸಮವಸ್ತ್ರದ ಬಟ್ಟೆಯ ಗುಡ್ಡೆಯೊಳಗೆ ಹೂತಿಟ್ಟು, ಮತ್ತೆ ಹಳೇ ಕ್ರಮದಲ್ಲಿ 'ಏ, ಟೀ' ಎಂದರು.

ಹೆಂಡತಿ ಕಾದರು. 'ಏನಂದ್ರಿ?'

'ಟೀ ಅಂದೆ.'

'ಅದಕ್ಕೆ ಮುಂಚೆ?'

'ಏ ಅಂದೆ.'

ಟೀ ಬಂತು. ಕೆಳಗೆ ಹಾಸುವ ಬಟ್ಟೆ ಇರಲಿಲ್ಲ. ಶುಕ್ರವಾರ ಬೆಳಿಗ್ಗೆ ಗೋಡೆಯಾಚೆಯಿಂದ ಕ್ಷೌರದಂಗಡಿಯವನ ಹೆಂಡತಿ, ನಾಲ್ಕು ದಿನದಿಂದ ಕೂಡಿಟ್ಟ ಹೊಟ್ಟೆಕಿಚ್ಚನ್ನೆಲ್ಲ ಸೇರಿಸಿ, 'ಅಯ್ಯೋ ಪಾಪ, ನಿಮಗೆ ವಿಷಯ ಗೊತ್ತಾಯ್ತಾ?' ಎಂದರು.

ಆ ದಿನ ನಿಘಂಟು ಮನೆಗೆ ಬಂದಾಗ ಯಂತ್ರ ಓಡುತ್ತಿತ್ತು.

'ಮೂರನೇ ಅರ್ಥ ಏನು?' ಎಂದರು ಹೆಂಡತಿ, ಸೂಜಿಯಿಂದ ಕಣ್ಣು ತೆಗೆಯದೆ.

'ಹೇಳೋಕಾಗಲ್ಲ.'

'ಹೆಂಡ್ತಿಗೆ ಹೇಳೋಕಾಗದ ಮಾತಲ್ಲಿ ಹೆಂಡ್ತೀನ ಕರೆದ್ರಾ? ಅದೂ ಒಂದೇ ರಾತ್ರಿ ಮೂವತ್ತೆಂಟು ಸಲ?'

'ನೀನು ಎಣಿಸಿದ್ಯಾ?'

'ಎಣಿಸ್ದೆ. ಸಂತೋಷಕ್ಕೆ ಎಣಿಸ್ದೆ.'

ಆಮೇಲೆ ಯಂತ್ರವೇ ಮಾತಾಡಿತು. ಅಂದು ಹೊಲಿದ ದಿಂಬಿನ ಚೀಲವೊಂದಕ್ಕೆ ನಾಲ್ಕೂ ಕಡೆ ಬಾಯಿ ಮುಚ್ಚಿಹೋಗಿ, ದಿಂಬು ಒಳಗೆ ಹೋಗುವ ದಾರಿಯೇ ಉಳಿಯಲಿಲ್ಲ. ಅತ್ತೆ ಅದನ್ನು ತಿರುಗಿಸಿ ಮುರುಗಿಸಿ ನೋಡಿ, 'ನಿನ್ನ ಗಂಡನ ತಲೆ ಹಾಗಿದೆ' ಎಂದರು. ಶನಿವಾರ ಬೆಳಿಗ್ಗೆ ಹೆಂಡತಿ ಸಮವಸ್ತ್ರದ ಬಟ್ಟೆ ಎಳೆದಾಗ ಕಾಲಿನ ಮೇಲೆ ಡಿಕ್ಷನರಿ ಬಿತ್ತು.

ಅದೇ ಹೊತ್ತಿಗೆ ಕಚೇರಿಯಲ್ಲಿ ಮುಖ್ಯೋಪಾಧ್ಯಾಯಿನಿ ವಿಚಾರಣೆಯ ಕಿಟಕಿಯನ್ನು ಬಿಟ್ಟು ನೇರವಾಗಿ ಒಳಗೇ ನುಗ್ಗಿದ್ದರು. ಅವರ ಶಾಲೆಯಲ್ಲಿ ಎರಡು ದಿನದಿಂದ ಆರುನೂರು ಮಕ್ಕಳು ಒಂದೊಂದು ಸಲ ಮೇಡಂ ಎಂದಾಗಲೂ ಬಾಯಿಗೆ ಕೈ ಅಡ್ಡ ಹಿಡಿದು ನಗುತ್ತಿದ್ದರು.

'ನನಗೆ ಅರ್ಥ ಬೇಕು' ಎಂದರು ಅವರು. 'ಇವತ್ತೇ, ಈಗಲೇ. ಇಲ್ಲದಿದ್ರೆ ಮೇಲಿನ ಕಚೇರಿಗೆ ಹೋಗ್ತೀನಿ.'

ಸಾಹೇಬರು ಓಡಿ ಬಂದರು. 'ಎಲ್ಲಾ ಇವರದೇ ತಪ್ಪು. ಇವರನ್ನ ಸೋಮವಾರದಿಂದ ಪಂಪ್‌ಹೌಸಿಗೆ...'

ಅಷ್ಟರಲ್ಲಿ ಬಾಗಿಲಲ್ಲಿ ಡಿಕ್ಷನರಿ ಕಾಣಿಸಿಕೊಂಡಿತು. ಅದರ ಒಂದು ತುದಿ ಹೆಂಡತಿಯ ಕೈಯಲ್ಲಿತ್ತು, ಇನ್ನೊಂದು ತುದಿ ಅತ್ತೆಯ ಕೈಯಲ್ಲಿ. ಇಬ್ಬರೂ ಅದನ್ನು ಗಾಯಾಳುವನ್ನು ತರುವ ಹಾಗೆ ತಂದು ನಿಘಂಟುವಿನ ಮೇಜಿನ ಮೇಲೆ ಧೊಪ್ಪನೆ ಬಿಟ್ಟರು. ಮಸಿಯ ಬಾಟಲಿ ಹಾರಿ ನಿಂತಿತು.

'ಓದಿ' ಎಂದರು ಹೆಂಡತಿ.

'ಇಲ್ಲೇ? ಎಲ್ಲರ ಮುಂದೆ?'

'ಎಲ್ಲರ ಮುಂದೆ ಮಾನ ಹೋಗಿದೆ. ಎಲ್ಲರ ಮುಂದೆ ಓದಿ.'

ಮುಖ್ಯೋಪಾಧ್ಯಾಯಿನಿ ಕೈಚೀಲದಿಂದ ಅಂಗೈಯಗಲದ ಶಾಲಾ ಡಿಕ್ಷನರಿಯೊಂದನ್ನು ಹೊರತೆಗೆದರು. 'ನೋಡಿ, ನನ್ನ ಡಿಕ್ಷನರೀಲಿ ಮೂರೂ ಇಲ್ಲ, ಎರಡೂ ಇಲ್ಲ. ಒಂದೇ ಅರ್ಥ ಇರೋದು.'

'ಏನದು?' ಎಂದರು ಟೈಪಿಸ್ಟಮ್ಮ.

ಮುಖ್ಯೋಪಾಧ್ಯಾಯಿನಿ ಪುಟ ನೋಡಿದರು. ಕನ್ನಡಕ ತೆಗೆದು ಒರೆಸಿ ಮತ್ತೆ ನೋಡಿದರು. 'ಅದು... ಗೌರವ ಸೂಚಕ ಸಂಬೋಧನೆ.'

'ಅದರ ಮುಂದೆ ಇನ್ನೂ ಏನೋ ಇದೆಯಲ್ಲ, ಅದನ್ನ ಓದಿ' ಎಂದು ಟೈಪಿಸ್ಟಮ್ಮ ಇಣುಕಿದರು.

'...ಅಮ್ಮಾ.'

ಟೈಪಿಸ್ಟಮ್ಮ ಆ ಸಾಲಿನ ಮೇಲೆ ಬೆರಳಿಟ್ಟರು.

'ಅಂದ್ರೆ,' ಎಂದರು ಟೈಪಿಸ್ಟಮ್ಮ ನಿಧಾನವಾಗಿ, 'ಸೋಮವಾರ ಇವರು ಕರೆದದ್ದು ಸರಿಯಾಗೇ ಇತ್ತು. ನೀವು ಅಮ್ಮ ಬೇಡ ಅಂತ ಎರಡು ಪುಟ ಬರೆದು, ಅಮ್ಮ ಅನ್ನಿ ಅಂತ ಕೇಳಿದ್ರಿ.'

ಗಣಿತದವರಿಗೆ ತಮ್ಮ ಉತ್ತರ ತಪ್ಪಾದ ಅನುಭವ ಕಡಿಮೆ. ಅವರು ಕೆಂಪು ಪೆನ್ನಿನ ಮುಚ್ಚಳವನ್ನು ತೆಗೆದು ಹಾಕಿ, ತೆಗೆದು ಹಾಕಿ ಮಾಡಿದರು. 'ಮೂರನೇ ಅರ್ಥ ಬರಲಿ ಮೊದ್ಲು' ಎಂದರು.

'ಸಾಹೇಬರೇ ಹೇಳಲಿ' ಎಂದರು ಟೈಪಿಸ್ಟಮ್ಮ. 'ಅವರು ಕಾಲೇಜಲ್ಲೇ ಓದಿದಾರಂತೆ.'

ಎಲ್ಲರೂ ಸಾಹೇಬರ ಕಡೆ ತಿರುಗಿದರು. ಸಾಹೇಬರು ಬೆವರು ಒರೆಸಿಕೊಂಡರು. 'ಅದು... ಅದು ತಾಂತ್ರಿಕ ವಿಷಯ. ನೀರಿನ ಒತ್ತಡಕ್ಕೆ ಸಂಬಂಧಪಟ್ಟದ್ದು. ಹಳೇ ಕಾಲದಲ್ಲಿ ಒಂಥರಾ ದೊಡ್ಡ ವಾಲ್ವಿಗೆ ಹಾಗಂತಿದ್ರು.'

ನಿಘಂಟು ಏನನ್ನಾದರೂ ತಡೆದುಕೊಳ್ಳಬಲ್ಲವರು, ಡಿಕ್ಷನರಿಯ ಹೆಸರಲ್ಲಿ ಸುಳ್ಳು ಹೇಳುವುದನ್ನಲ್ಲ. ಅವರು ಎದ್ದು ನಿಂತರು. ಪುಟ ತೆರೆದರು. ಓದಿದರು: 'ಅರ್ಥ ಒಂದು. ಹೆಂಗಸರನ್ನ ಮರ್ಯಾದೆಯಿಂದ ಕರೆಯೋ ಮಾತು. ಅರ್ಥ ಎರಡು. ಮನೆಯ ಯಜಮಾನಿ.'

ಇಲ್ಲಿ ಹೆಂಡತಿಯ ಗಲ್ಲ ಒಂಚೂರು ಮೇಲಕ್ಕೆ ಬಂತು.

'ಅರ್ಥ ಮೂರು. ಎ ವುಮನ್ ಹೂ ಕೀಪ್ಸ್ ಎ ಹೌಸ್ ಆಫ್ ಇಲ್ ರಿಪ್ಯೂಟ್.'

'ಕನ್ನಡದಲ್ಲಿ!' ಎಂದರು ನಾಲ್ಕು ಹೆಂಗಸರು ಒಟ್ಟಿಗೆ.

ನಿಘಂಟು ಕಣ್ಣು ಮುಚ್ಚಿಕೊಂಡರು. 'ಕೆಟ್ಟ ಹೆಸರಿರೋ ಮನೆ ನಡೆಸೋ ಹೆಂಗಸು.'

ಅದು ಯಾವ ಕಸುಬಿನ ಮನೆ ಎಂದು ಮುಖ್ಯೋಪಾಧ್ಯಾಯಿನಿಗೆ ಅರ್ಥವಾಯಿತು. ಅವರು ಬಾಯಿಗೆ ಕೈ ಹಿಡಿದರು. ಟೈಪಿಸ್ಟಮ್ಮನಿಗೂ ಅರ್ಥವಾಯಿತು. ಸಾಹೇಬರಿಗೂ ಅರ್ಥವಾಗಿ, ವಾಲ್ವಿನ ಮಾತನ್ನು ನೆನೆದು ಅವರು ಕಿಟಕಿಯಾಚೆ ನೋಡತೊಡಗಿದರು. ಅತ್ತೆ ಮಾತ್ರ ಸುತ್ತಲೂ ನೋಡಿ, 'ಇಷ್ಟೇನಾ?' ಎಂದರು.

'ಇಷ್ಟೇನಾ ಅಂದ್ರೆ?' ಎಂದ ಮೀಟರ್ ಓದುವವನು.

'ಅಲ್ಲಪ್ಪಾ, ಕೆಟ್ಟ ಹೆಸರಿರೋ ಮನೆ ನಡೆಸೋಳು ಅಂತ ತಾನೆ? ನನ್ನ ಮಗಳು ಇಪ್ಪತ್ತು ವರ್ಷದಿಂದ ಮಾಡ್ತಿರೋದು ಅದೇ ತಾನೆ? ಅಳಿಯ ನೀರಿನ ಆಫೀಸಲ್ಲಿದಾನೆ, ನಲ್ಲೀಲಿ ನೀರಿಲ್ಲ. ಬೀದಿಯವರೆಲ್ಲ ನಮ್ಮನೆ ಮುಂದೆ ಬಂದು ಬೈಕೊಂಡು ಹೋಗ್ತಾರೆ. ಅದಕ್ಕಿಂತ ಕೆಟ್ಟ ಹೆಸರು ಯಾವ ಮನೆಗಿದೆ? ಆ ಮನೇನ ಇವಳು ನಡೆಸ್ಕೊಂಡು ಬಂದಿಲ್ವಾ? ಇದನ್ನ ಹೇಳೋಕೆ ನಾಚಿಕೆ ಯಾಕೆ?'

ಮೊದಲು ನಕ್ಕವರು ಮುಖ್ಯೋಪಾಧ್ಯಾಯಿನಿ. ಅವರು ನಗುವುದನ್ನು ಆ ಊರಿನಲ್ಲಿ ಅದುವರೆಗೆ ಯಾರೂ ನೋಡಿರಲಿಲ್ಲ. 'ಹಾಗಾದ್ರೆ ನನಗೂ ಸಲ್ಲುತ್ತೆ' ಎಂದರು ಕಣ್ಣೊರೆಸಿಕೊಳ್ಳುತ್ತಾ. 'ಈ ಸಲ ನಮ್ಮ ಶಾಲೆ ಫಲಿತಾಂಶ ನೋಡಿದೀರಲ್ಲ.'

'ನಿಲ್ಲಿ ನಿಲ್ಲಿ' ಎಂದರು ಟೈಪಿಸ್ಟಮ್ಮ. 'ಇಡೀ ಊರಲ್ಲಿ ಈ ಕಚೇರಿಗಿಂತ ಕೆಟ್ಟ ಹೆಸರು ಯಾವುದಕ್ಕಿದೆ? ಇದನ್ನ ನಡೆಸ್ತಿರೋರು ಯಾರು?' ಎಂದು ಸಾಹೇಬರ ಕಡೆ ತಿರುಗಿ, ಮೂವತ್ತು ವರ್ಷದ ಸೇವೆಯ ವಿನಯವನ್ನೆಲ್ಲ ದನಿಗೆ ತಂದುಕೊಂಡು ಕೇಳಿದರು: 'ಸುತ್ತೋಲೆ ತೆಗೆದುಬಿಡ್ಲಾ, ಮೇಡಂ?'

ಸರದಿಯಲ್ಲಿದ್ದವರು, ಮೀಟರ್ ಓದುವವನು, ಬಾಗಿಲಲ್ಲಿ ನಿಂತಿದ್ದ ಪಿಟೀಲು ಮೇಷ್ಟರು ಎಲ್ಲರೂ ಒಟ್ಟಿಗೆ ನಕ್ಕ ಸದ್ದಿಗೆ ಫ್ಯಾನಿನ ಮೇಲಿನ ಧೂಳು ಉದುರಿತು. 'ತೆಗೀರಿ, ತೆಗೀರಿ. ಎಲ್ಲಾ ತೆಗೀರಿ' ಎಂದು ಸಾಹೇಬರು ಒಳಗೆ ಹೋಗಿ ಬಾಗಿಲು ಹಾಕಿಕೊಂಡರು. ಪಂಪ್‌ಹೌಸಿನ ಮಾತು ಮತ್ತೆ ಬರಲಿಲ್ಲ.

ನಿಘಂಟುವಿಗೆ ಜೀವ ಬಂತು. ಈ ಗೆಲುವಿನಲ್ಲಿ ಅವರು ಹ್ಯಾಪುಮೋರೆ ಬಿಟ್ಟು ಹೆಂಡತಿಯ ಕಡೆ ನೋಡಿದರು. ಹೆಂಡತಿ ನಗುತ್ತಿರಲಿಲ್ಲ.

'ಅವತ್ತು ನನ್ನನ್ನ ಕರೆದದ್ದು ಯಾವ ಅರ್ಥದಲ್ಲಿ?' ಎಂದರು. 'ಒಂದನೇದಾ, ಎರಡನೇದಾ?'

ಎರಡರಲ್ಲಿ ಯಾವುದು ಹೇಳಿದ್ದರೂ ನಡೆಯುತ್ತಿತ್ತು. ಆದರೆ ನಿಘಂಟು ಶಬ್ದಗಳ ವಿಷಯದಲ್ಲಿ ಸತ್ಯವಂತರು.

'ಅಯ್ಯೋ, ಅವತ್ತು ನಾನು ಯಾವ ಅರ್ಥಾನೂ ಇಟ್ಕೊಂಡಿರ್ಲಿಲ್ಲ. ಬರೀ ಪ್ರಾಕ್ಟೀಸ್ ಮಾಡ್ತಿದ್ದೆ. ಮಾರನೇ ದಿನ ಆಫೀಸಿಗೆ ಬರೋ ಹೆಂಗಸರನ್ನ ಕರೀಬೇಕಿತ್ತಲ್ಲ, ಅದಕ್ಕೆ.'

ನಗು ಒಬ್ಬೊಬ್ಬರ ಬಾಯಲ್ಲೇ ನಿಂತಿತು. ಟೈಪಿಸ್ಟಮ್ಮ ಹಣೆ ಚಚ್ಚಿಕೊಂಡರು.

'ಪ್ರಾಕ್ಟೀಸಾ' ಎಂದರು ಹೆಂಡತಿ. ಜಗಳದ ದನಿಯಲ್ಲ. ಅಂಗಡಿಯಲ್ಲಿ ಯಾವುದೋ ಬಟ್ಟೆ ತಮಗಲ್ಲ, ಬೇರೆಯವರಿಗೆ ಎತ್ತಿಟ್ಟದ್ದು ಎಂದು ಗೊತ್ತಾದಾಗಿನ ದನಿ. 'ಸರಿ' ಎಂದು ತಿರುಗಿ ಹೊರಟೇಬಿಟ್ಟರು. ಅತ್ತೆ ಅಳಿಯನನ್ನು ಮೇಲಿಂದ ಕೆಳಗೆ ನೋಡಿ, ಇದಕ್ಕೆ ತಮ್ಮಲ್ಲಿಯೂ ಪದವಿಲ್ಲ ಎಂಬಂತೆ, ಮಗಳ ಹಿಂದೆ ನಡೆದರು.

'ನಿಂತು ನೋಡ್ತೀರಲ್ಲ, ಹೋಗ್ರೀ!' ಎಂದು ಮುಖ್ಯೋಪಾಧ್ಯಾಯಿನಿ ಗದರಿದರು. ತರಗತಿಯಿಂದ ಹೊರಗೆ ಹಾಕಿಸಿಕೊಂಡವರ ಹಾಗೆ ನಿಘಂಟು ಪುಸ್ತಕವನ್ನೂ ಎತ್ತಿಕೊಂಡು ಓಡಿದರು.

ಶನಿವಾರ ಮಧ್ಯಾಹ್ನ. ಬೀದಿ ತುಂಬಾ ಜನ. ಹೆಂಡತಿ ಮೂವತ್ತು ಹೆಜ್ಜೆ ಮುಂದಿದ್ದರು, ಬೀಸಿ ನಡೆಯುತ್ತಿದ್ದರು. ಎದೆಯ ಮೇಲೆ ಡಿಕ್ಷನರಿ ಹೊತ್ತ ನಿಘಂಟುವಿಗೆ ಅವರನ್ನು ಹಿಡಿಯುವುದು ಸಾಧ್ಯವಿರಲಿಲ್ಲ, ಕೂಗಿ ನಿಲ್ಲಿಸಬೇಕಿತ್ತು. 'ಏ' ಎನ್ನಲು ಬಾಯಿ ತೆರೆದರು. ಇಪ್ಪತ್ತು ವರ್ಷ ಸಲೀಸಾಗಿ ಬಂದ 'ಏ' ಆ ಹೊತ್ತು ಹೊರಗೆ ಬರಲಿಲ್ಲ. 'ಅಮ್ಮಾ' ಎಂದರೆ ನಡುವೆ ಬರುತ್ತಿದ್ದ ಅತ್ತೆ ತಿರುಗುತ್ತಾರೆ. 'ಮೇಡಂ' ಎನ್ನುವ ಹಾಗೆಯೇ ಇಲ್ಲ. ಕೈಯಲ್ಲಿ ಲಕ್ಷ ಪದ ಇದ್ದವು, ಕರೆಯಲು ಒಂದೂ ಇರಲಿಲ್ಲ. ಹೆಂಡತಿ ತಿರುವಿನ ಹತ್ತಿರ ಬಂದುಬಿಟ್ಟರು.

'ರೀ!' ಎಂದು ಕೂಗಿದರು ನಿಘಂಟು.

ಆ ಬೀದಿಯಲ್ಲಿದ್ದ ಮದುವೆಯಾದ ಗಂಡಸರೆಲ್ಲ ಗಕ್ಕನೆ ನಿಂತರು. ಸೈಕಲ್ಲಿನವನೊಬ್ಬ ಬ್ರೇಕ್ ಹಾಕಿ ಒಂದು ಕಾಲು ನೆಲಕ್ಕೆ ಊರಿದ. ಗಡಿಯಾರ ರಿಪೇರಿಯವರು ಕಣ್ಣಿನ ಭೂತಗನ್ನಡಿ ಸಮೇತ ಹೊರಗೆ ಬಂದರು. ಕ್ಷೌರದಂಗಡಿಯೊಳಗಿನಿಂದ, ಒಬ್ಬನ ಗದ್ದಕ್ಕೆ ಕತ್ತಿ ಹಿಡಿದಿದ್ದವನು, 'ಬಂದೇ!' ಎಂದ. ಹೆಂಡತಿ ಮಾತ್ರ ನಡೆಯುತ್ತಲೇ ಇದ್ದರು. ಆ ಮಾತನ್ನು ಅವರು ದಿನಕ್ಕೆ ನೂರು ಸಲ ಆಡಿದವರು. ಅದು ತಮ್ಮ ಕಡೆಗೂ ಬರಬಹುದೆಂದು ಅವರಿಗೆ ಹೇಗೆ ಗೊತ್ತಿರಬೇಕು?

'ರೀ! ನಿಮ್ಮನ್ನೇ ರೀ! ಟೈಲರಂಗಡಿಯವರೇ!'

ಹೆಂಡತಿ ನಿಂತರು. ತಿರುಗಿದರು. ನಿಘಂಟು ಏದುಸಿರು ಬಿಡುತ್ತಾ ಹತ್ತಿರ ಬಂದರು.

'ಏನಂದ್ರಿ?'

'ರೀ ಅಂದೆ.'

'ಅದಕ್ಕೆ ಎಷ್ಟು ಅರ್ಥ?'

'ಗೊತ್ತಿಲ್ಲ. ಈ ಪುಸ್ತಕದಲ್ಲಿ ಆ ಮಾತೇ ಇಲ್ಲ.'

'ಯಾರಿಗೆ ಪ್ರಾಕ್ಟೀಸು?'

'ಯಾರಿಗೂ ಅಲ್ಲ. ನೀವು ಹೋಗ್ತಿದ್ರಿ. ನಿಲ್ಲಿಸ್ಬೇಕಿತ್ತು.'

ತಮ್ಮ ಬಾಯಿಂದ 'ನೀವು' ಬಂದದ್ದು ನಿಘಂಟುವಿಗೆ ಬಂದ ಮೇಲಷ್ಟೇ ಗೊತ್ತಾಯಿತು. ಹೆಂಡತಿ ಅವರ ಮುಖವನ್ನು ಸ್ವಲ್ಪ ಹೊತ್ತು, ಹೊಲಿಗೆ ನೇರ ಬಂದಿದೆಯೇ ಎಂದು ನೋಡುವ ಹಾಗೆ ನೋಡಿದರು. ಡಿಕ್ಷನರಿಯ ಒಂದು ತುದಿಗೆ ಕೈಕೊಟ್ಟರು. ಭಾರ ಅರ್ಧವಾಯಿತು.

'ಬೀದಿ ಗಂಡಸರೆಲ್ಲ ಕಾಯ್ತಿದಾರೆ' ಎಂದರು ಅತ್ತೆ. 'ಅವರಿಗೆ ಹೋಗಿ ಅನ್ನಿ, ಇಲ್ಲ ನೀವಾದ್ರೂ ನಡೀರಿ.'

ಹೆಂಡತಿ ಕದಲಲಿಲ್ಲ. 'ಗಾಡಿ ಸದ್ದಲ್ಲಿ ಸರಿಯಾಗಿ ಕೇಳಿಸ್ಲಿಲ್ಲ' ಎಂದರು. 'ಇನ್ನೊಂದ್ಸಲ ಕರೀರಿ.'

ನಿಘಂಟು ಕರೆದರು. ಈ ಸಲ ಮೆಲ್ಲಗೆಯೇ ಕರೆದರು. ಆದರೂ ಕ್ಷೌರದಂಗಡಿಯಿಂದ, ಈಗ ಕೊಂಚ ಗಾಬರಿಯ ದನಿಯಲ್ಲಿ, 'ಬಂದೆ ಅಂದ್ನಲ್ಲೇ!' ಎಂದು ಕೇಳಿಸಿತು.